ಅರ್ಧ ಗುರುತಿನ ಬ್ಲಾಗು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸರಿಬರುವುದಿಲ್ಲ ಎಂಬುದು ನನಗೆ ಖಂಡಿತ ಗೊತ್ತು. ರೇಷನ್ ಅಂಗಡಿಯಲ್ಲಾಗಲಿ, ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವ ಕಿಟಕಿಯಲ್ಲಾಗಲಿ, ಮದುವೆಮನೆಯಲ್ಲಿ ಉಡುಗೊರೆ ಬರೆದುಕೊಳ್ಳುವವರ ಮುಂದಾಗಲಿ, ಯಾರಾದರೂ ಹೆಸರು ಕೇಳಿದರೆ "ಹೆಸ್ರ್ ಎಂತಕ್ಕೆ?" ಎಂದು ತಿರುಗಿ ಕೇಳದೆ ಅವರು ಹೇಳಿದವರಲ್ಲ. ಹೇಳಿದ ಮೇಲೂ ಎದುರಿನವರು ಏನು ಬರೆದುಕೊಂಡರು ಎಂದು ಬಗ್ಗಿ ನೋಡುತ್ತಿದ್ದರು. ತೀರಿಹೋದರು ಎಂಬ ಧೈರ್ಯದಲ್ಲಿ ಅಂಥವರ ಹೆಸರನ್ನು ಅಚ್ಚುಹಾಕಿಸಿದರೆ ನನಗೆ ಒಳ್ಳೆಯದಾಗಲಿಕ್ಕಿಲ್ಲ. ತ್ರಾಸಿಯ ಹತ್ತಿರ ಕಡಲ ಬದಿಯ ಮನೆ, ಅರವತ್ತೊಂಬತ್ತು ವಯಸ್ಸು, ಗಾಳ ಹಾಕಿ ಮೀನು ಹಿಡಿದು ಬದುಕಿದವರು. ಇಷ್ಟು ಸಾಕು. ಇಷ್ಟೂ ಹೆಚ್ಚಾಯಿತು ಅನ್ನುತ್ತಿದ್ದರೇನೋ.

ನಾನು ಕುಂದಾಪುರದ ಒಂದು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವವಳು. ತವರು ಬ್ರಹ್ಮಾವರ, ಹಾಗಾಗಿ ಈ ಕಡಲ ಬದಿಯವರ ಸ್ವಭಾವ ನನಗೆ ಹೊಸತಲ್ಲ ಎಂದುಕೊಂಡಿದ್ದೆ. ಒಂದು ಬೇಸಿಗೆ ರಜೆಯಲ್ಲಿ ಅವರೂರಿನ ಪಂಚಾಯತ್ ಲೈಬ್ರರಿಯವರು ಕರೆದರು. ನಾಲ್ಕು ಭಾನುವಾರ, ಬೆಳಿಗ್ಗೆ ಹತ್ತರಿಂದ ಹನ್ನೆರಡು, ಏನೂ ಗೊತ್ತಿಲ್ಲದವರಿಗೆ ಬ್ಲಾಗು ಮಾಡಿಕೊಳ್ಳುವುದನ್ನು ಕಲಿಸಬೇಕು. 'ನಿಮ್ಮದೇ ಸ್ವಂತ ಬ್ಲಾಗು, ಸಂಪೂರ್ಣ ಉಚಿತ' ಎಂದು ಬೋರ್ಡಿನ ಮೇಲೆ ನಾನೇ ದೊಡ್ಡದಾಗಿ ಬರೆದೆ. ಹನ್ನೊಂದು ಜನ ಬಂದಿದ್ದರು. ಕವನ ಬರೆಯುವ ನಿವೃತ್ತ ಮೇಷ್ಟ್ರು, ಅಡುಗೆ ಬರೆಯಬೇಕೆಂದಿದ್ದ ಇಬ್ಬರು ಹೆಂಗಸರು, ಉಳಿದವರು ಕಾಲೇಜಿನ ಹುಡುಗಿಯರು. ಇವರು ಮಾತ್ರ ಬಾಗಿಲ ಹತ್ತಿರದ ಕುರ್ಚಿಯಲ್ಲಿ, ಕೊಡೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದರು. ಎಲ್ಲರ ಚಪ್ಪಲಿ ಹೊರಗಿದ್ದರೆ ಇವರದ್ದು ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕುರ್ಚಿಯ ಕೆಳಗಿತ್ತು.

ನಾನು ಪಾಠ ಶುರುಮಾಡಿ ಹತ್ತು ನಿಮಿಷವಾಗಿರಲಿಲ್ಲ, ಕೈ ಎತ್ತಿದರು.

"ಪುಕ್ಕಟೆ ಅಂದ್ರಿ ಅಲ್ದಾ ಟೀಚ್ರೆ. ಜಾಗ ಅವರದ್, ಮಿಶನ್ ಅವರದ್, ಬರೆಯೂಕೆ ಬಿಡುದ್ ನಮ್ಮನ್ನ. ಅವರಿಗ್ ಎಂತ ಸಿಕ್ಕತ್ತ್?"

ಹುಡುಗಿಯರು ಕಿಸಕ್ಕನೆ ನಕ್ಕರು. ನಾನು ಜಾಹೀರಾತು, ಓದುಗರು, ಕಂಪನಿ ಎಂದು ಏನೋ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಹಾಗಾದರೆ ಇದು ಪುಕ್ಕಟೆ ಅಲ್ಲವಲ್ಲ, ಬೋರ್ಡ್ ಒರೆಸಿ ಬೇರೆ ಬರೆಯಿರಿ ಎಂದರು. ನನಗೆ ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ, ಬರೋಬ್ಬರಿ ಸಿಟ್ಟು ಬಂತು. ರಜೆಯಲ್ಲಿ ಬಸ್ಸು ಹಿಡಿದು ಬಂದು ಕಲಿಸುತ್ತಿರುವವಳು ನಾನು. ನನ್ನನ್ನೇ ಕಳ್ಳಿಯ ಹಾಗೆ ನೋಡುವುದೇ! ಆದರೂ 'ಸಂಪೂರ್ಣ' ಎಂಬುದನ್ನು ಒರೆಸಿದೆ.

ಎರಡನೆಯ ಭಾನುವಾರ ಖಾತೆ ತೆರೆಯುವ ಪಾಠ. ಅದಕ್ಕೆ ಆಧಾರ್ ಬೇಡ ಎಂದು ಹೇಳಿದ್ದರೂ ಇವರು ಆಧಾರಿನ ಜೆರಾಕ್ಸ್ ತಂದಿದ್ದರು. ಅದರ ಮೇಲೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓರೆಯಾಗಿ 'ಬ್ಲಾಗ್ ಉದ್ದೇಶಕ್ಕೆ ಮಾತ್ರ' ಎಂದು ಬರೆದು ಸಹಿ ಹಾಕಿದ್ದರು. ಬೇಡ ಎಂದು ವಾಪಸು ಕೊಟ್ಟರೆ, ಬೇಡದಿದ್ದರೆ ಮೊದಲು ಕೈಯಲ್ಲಿ ಹಿಡಿದು ನೋಡಿದ್ದು ಯಾಕೆ ಎಂದು ಕೇಳಿದರು. ಆಮೇಲೆ ಫೋನಿಗೆ ಓಟಿಪಿ ಬರುವ ಹೊತ್ತು. ಎಲ್ಲರ ಫೋನೂ ಟಿಣ್ ಟಿಣ್ ಅಂದವು. ಇವರು ತಮ್ಮ ನಂಬರನ್ನೇ ಕೊಡಲಿಲ್ಲ.

"ಯಾರಿಗೂ ಹೇಳ್ಬೇಡಿ ಅಂದೇಳಿ ಅವರೇ ಬರದ್ ಕಳ್ಸ್ತ್ರ್. ನೀವ್ ಕಂಡ್ರೆ ಹೇಳಿ ಅಂತ್ರಿ. ನಾ ಯಾರನ್ನ ನಂಬುದ್?"

ಹೊತ್ತಾಗುತ್ತಿತ್ತು. ಹತ್ತು ಜನರ ಖಾತೆ ಆಗಿ ಇವರದ್ದೊಂದು ಬಾಕಿ. ಪೀಡೆ ಕಳೆಯಲಿ ಎಂದು ನನ್ನ ನಂಬರನ್ನೇ ಹಾಕಿ ಖಾತೆ ತೆರೆದುಕೊಟ್ಟೆ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದಿಡಲು ಅವರು ಒಪ್ಪಲಿಲ್ಲ. ಕಾಗದ ಯಾರ ಕೈಗಾದರೂ ಸಿಕ್ಕೀತಂತೆ. ಕೊನೆಗೆ ಅದೂ ನನ್ನ ತಲೆಯಲ್ಲೇ ಉಳಿಯಿತು. ಜಗತ್ತಿನಲ್ಲಿ ಯಾರನ್ನೂ ನಂಬದ ಮನುಷ್ಯನ ಬೀಗದ ಕೈ ನನ್ನ ಹತ್ತಿರ! ಅವರು ನನ್ನನ್ನು ನಂಬಿದರೆಂದಲ್ಲ. ಏನಾದರೂ ಹೆಚ್ಚುಕಮ್ಮಿಯಾದರೆ ಸಿಕ್ಕಿಬೀಳುವವಳು ನಾನು ಎಂಬ ಲೆಕ್ಕಾಚಾರ ಇರಬೇಕು ಎಂದು ಆಗ ನನ್ನ ಎಣಿಕೆ.

ಬ್ಲಾಗಿಗೆ ಏನು ಹೆಸರು ಇಡುತ್ತೀರಿ ಎಂದು ಎಲ್ಲರನ್ನೂ ಕೇಳಿದ್ದೆ. ಮೇಷ್ಟ್ರು ಮೂರು ಹೂಗಳ ಹೆಸರು ಬರೆದು ಯಾವುದು ಚಂದ ಎಂದು ಕೇಳುತ್ತಿದ್ದರು. ಇವರು ಹೆಸರೇ ಬೇಡ ಎಂದರು. ಹೆಸರಿಲ್ಲದೆ ಮುಂದಕ್ಕೆ ಹೋಗುವುದಿಲ್ಲ ಎಂದಾಗ ತುಂಬ ಹೊತ್ತು ಯೋಚಿಸಿ 'ಅರ್ಧ' ಎಂದು ಒತ್ತಿದರು. ಎಂತದರ ಅರ್ಧ ಎಂದು ಕೇಳಿದೆ. ಕೊಡೆ ಎತ್ತಿಕೊಂಡು ಎದ್ದರು.

ಕ್ಲಾಸು ಮುಗಿದ ಮೇಲೂ ಅವರು ಬಿಡಲಿಲ್ಲ. ತಮ್ಮ ಫೋನಿನಲ್ಲಿ ಬರೆಯಲು ಮನಸ್ಸಿಲ್ಲ. ಅದರ ಕ್ಯಾಮರಾಕ್ಕೇ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿಟ್ಟಿದ್ದ ಜನ. ಪ್ರತಿ ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಕುಂದಾಪುರಕ್ಕೆ ನಮ್ಮ ಮನೆಗೆ ಬರತೊಡಗಿದರು. ಬರುವಾಗ ಒಂದು ತೆಂಗಿನಕಾಯಿ. ಬರಿಗೈಯಲ್ಲಿ ಬಂದರೆ ಆಮೇಲೆ ನಾನು ಏನಾದರೂ ಕೇಳಿಯೇನು ಎಂಬ ಭಯ. ಚಾ ಕೊಟ್ಟರೆ ಮೂಸಿ ನೋಡಿ ಕುಡಿಯುತ್ತಿದ್ದರು. ಬಸ್ಸಿನ ಟಿಕೇಟನ್ನು ಮನೆ ಮುಟ್ಟುವವರೆಗೂ ಬಿಸಾಡುತ್ತಿರಲಿಲ್ಲವಂತೆ. ರೇಷನ್ ಅಂಗಡಿಯ ಮಿಶನ್ನಿಗೆ ಹೆಬ್ಬೆರಳು ಒತ್ತಿದ ಕೂಡಲೇ ಲುಂಗಿಯ ತುದಿಯಿಂದ ಆ ಗಾಜನ್ನು ಒರೆಸಿ ಬರುತ್ತಾರೆ ಎಂದು ಅವರ ಹೆಂಡತಿ ಒಮ್ಮೆ ನನ್ನ ಹತ್ತಿರ ಹೇಳಿ ನಕ್ಕಿದ್ದರು. ಇವರು ಕಡಲಿನ ಕಡೆಗೆ ಬೆರಳು ಮಾಡಿ ಏನನ್ನೂ ತೋರಿಸುತ್ತಿರಲಿಲ್ಲ. ಯಾವ ದಿಕ್ಕು ಎಂದು ಕೇಳಿದರೆ ಗಲ್ಲವನ್ನು ಬೇರೆಯೇ ದಿಕ್ಕಿಗೆ ಎತ್ತಿ "ಆಚೆ ಬದಿ" ಅನ್ನುವುದು.

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಹೊಸ ಬರಹದ ಪುಟ ತೆರೆದುಕೊಡುವುದು ನನ್ನ ಕೆಲಸ. ಮತ್ತೆ ನಾನು ಅಡುಗೆಮನೆಗೆ ಹೋಗಬೇಕು. ಅವರು ಒಂದೇ ಬೆರಳಿನಲ್ಲಿ ಒಂದು ಗಂಟೆ ಕುಟ್ಟಿ, ಮುಗಿದ ಮೇಲೆ ಕೆಮ್ಮುತ್ತಿದ್ದರು. ಎರಡು ವಾರ ಸುಮ್ಮನಿದ್ದೆ. ಮೂರನೆಯ ವಾರ ತಡೆಯಲಾಗಲಿಲ್ಲ. ಖಾತೆ ಇರುವುದು ನನ್ನ ನಂಬರಿನಲ್ಲಿ. ಈ ಮನುಷ್ಯ ಯಾರ ಮೇಲೆ ಏನು ಬರೆದಿಟ್ಟಿದ್ದಾರೋ! ಯಾರ ಮಾನ ಹೋಗುವಂಥದ್ದೋ, ಯಾವ ದೊಡ್ಡವರ ಹೆಸರೋ. ನಾಳೆ ಸ್ಕೂಲಿಗೆ ಪೊಲೀಸು ಬಂದರೆ ಹೆಡ್ಮಾಸ್ತರರ ಮುಂದೆ ನಾನೇನು ಹೇಳಲಿ? ಅವರು ಗೇಟು ದಾಟಿದ್ದೇ ತಡ, ಓಡಿಬಂದು ಓದಿದೆ.

ಬರೆದದ್ದು ಮೂರೇ ಮೂರು ತುಂಡು. ಮೊದಲನೆಯದು ಹೀಗಿತ್ತು: 'ಒಂದನೇ ಕಲ್ಲು. ಹನ್ನೆರಡು ಮಾರು ನೀರು. ಕೊಡಚಾದ್ರಿಯ ನೆತ್ತಿ ಹಳೇ ಹಂಚಿನ ಮಾಡಿನ ಬಡಗು ಮೂಲೆಗೆ ಕೂರಬೇಕು. ಮುರು ಮೀನು.' ಉಳಿದವೂ ಇದೇ ಧಾಟಿ. ಒಂದರಲ್ಲಿ, ರಸ್ತೆ ಅಗಲ ಮಾಡುವಾಗ ಹೋದ ಮಾವಿನ ಮರ, ಈಗ ಅಲ್ಲಿ ಟವರು, ಟವರಿನಿಂದ ಎರಡು ಬೆರಳು ತೆಂಕು ಎಂದಿತ್ತು. ನಗಬೇಡಿ. ಕಲ್ಲು, ನೀರು, ಟವರು, ಎರಡು ಬೆರಳು. ಇದು ಯಾವುದೋ ಕಳ್ಳಸಾಗಣೆಯವರ ಸಂಕೇತವೇ ಸೈ ಎಂದು ತೀರ್ಮಾನಿಸಿಬಿಟ್ಟೆ. ಮುಂದಿನ ಭಾನುವಾರ ಕಾಯಿ ಕೈಯಿಂದ ಇಳಿಸುವ ಮೊದಲೇ ಕೇಳಿದೆ. ಇದೆಂತದು ಹೇಳದಿದ್ದರೆ ಈ ಬ್ಲಾಗನ್ನು ಈಗಲೇ ಅಳಿಸುತ್ತೇನೆ ಎಂದೆ.

ಅವರು ಕಾಯಿ ಇಳಿಸಿದರು. ಕಿಟಕಿಯ ಹೊರಗೆ ನೋಡಿದರು. ಆಮೇಲೆ ಕೂತು ಹೇಳತೊಡಗಿದರು.

ಕಡಲ ಅಡಿಯಲ್ಲಿ ಅಲ್ಲಲ್ಲಿ ಕಲ್ಲುಗಳಿರುತ್ತವೆ. ಒಳ್ಳೆಯ ಮೀನು ನಿಲ್ಲುವುದು ಅಲ್ಲಿ. ಮೇಲಿನಿಂದ ಕಾಣುವುದು ಬರೀ ನೀರು. ಕಲ್ಲು ಎಲ್ಲಿದೆ ಎಂದು ತಿಳಿಯಲು ದಡದ ಗುರುತು ಬೇಕು. ಮೂಡಣಕ್ಕೆ ನೋಡಿದರೆ ಹಿಂದೆ ಕೊಡಚಾದ್ರಿ, ಮುಂದೆ ಒಂದು ಮನೆಯ ಮಾಡು. ಎರಡೂ ಒಂದರ ಮೇಲೊಂದು ಬಂದಾಗ ನೀವು ಒಂದು ಗೆರೆಯ ಮೇಲೆ ಇದ್ದೀರಿ. ಆದರೆ ಗೆರೆ ಉದ್ದಕ್ಕೂ ಇರುತ್ತದಲ್ಲ, ಅದರಲ್ಲಿ ಎಲ್ಲಿ ನಿಲ್ಲುವುದು? ಅದಕ್ಕೆ ಬಡಗು ದಿಕ್ಕಿನ ಇನ್ನೊಂದು ಗುರುತು ಬೇಕು. ಬೈಂದೂರು ಕಡೆಯ ಒತ್ತಿನೆಣೆ ಗುಡ್ಡ, ಅದರ ಮುಂದೆ ನಾವುಂದದ ಒಂದು ಮರ. ಆ ಎರಡು ಗೆರೆ ಕೂಡಿದಲ್ಲಿ ಗಾಳ ಬಿಡಬೇಕು. ಬೇರೆ ದೋಣಿ ಹತ್ತಿರ ಬಂದರೆ ಗಾಳ ಎಳೆದುಕೊಂಡು, ಇಂಜಿನ್ ಕೆಟ್ಟವರ ಹಾಗೆ ನೀರು ಗೋರುತ್ತ ಕೂರಬೇಕು. ಹೆಂಡತಿಗೂ ಗುರುತು ಹೇಳುವ ಕ್ರಮವಿಲ್ಲ.

ಇವರ ತಂದೆ ಇನ್ನೂ ಒಂದು ಕೈ ಮೇಲೆ. ಹದಿನೇಳು ಕಲ್ಲುಗಳು ಆತನಿಗೆ ಗೊತ್ತಿದ್ದವು. ಮಕ್ಕಳಿಬ್ಬರು. ದೊಡ್ಡವನನ್ನು ದೋಣಿಯ ಹಿಂದೆ ಕೂರಿಸಿ ಮೂಡು ಗುರುತುಗಳನ್ನು ಮಾತ್ರ ಕಲಿಸಿದ. ಚಿಕ್ಕವನನ್ನು ಮುಂದೆ ಕೂರಿಸಿ ಬಡಗು ಗುರುತುಗಳನ್ನು ಮಾತ್ರ. ಒಬ್ಬನಿಗೆ ಕಲಿಸುವಾಗ ಇನ್ನೊಬ್ಬ ಬೆನ್ನು ಹಾಕಬೇಕು. ಇಬ್ಬರೂ ಒಂದೇ ದೋಣಿಯಲ್ಲಿ ಹೋದರೆ ಮೀನು, ಬೇರೆಯಾದರೆ ಬರೀ ನೀರು. ಮಕ್ಕಳ ಮೇಲೂ ಅಪ್ಪನಿಗೆ ಅಷ್ಟು ನಂಬಿಕೆ! ಇಬ್ಬರೂ ಮೂವತ್ತು ವರ್ಷ ಹಾಗೇ ಹೋದರು, ಒಬ್ಬರ ಗುರುತು ಇನ್ನೊಬ್ಬರು ಕೇಳಲಿಲ್ಲ. ಕೇಳುವುದು ಮರ್ಯಾದೆಯಲ್ಲ.

ಹನ್ನೊಂದು ವರ್ಷದ ಕೆಳಗೆ ಒಂದು ಬೆಳಿಗ್ಗೆ ಅವರ ಅತಿ ಒಳ್ಳೆಯ ಕಲ್ಲಿನ ಮೇಲೆ ಹೊರಗಿನ ಊರಿನ ದೊಡ್ಡ ಬೋಟು ನಿಂತಿತ್ತು. ನೀನು ಮಾರಿದೆ ಎಂದು ತಮ್ಮ ಅಂದ. ನೀನೇ ಮಾರಿದ್ದು ಎಂದು ಇವರು ಅಂದರು. ಒಬ್ಬೊಬ್ಬರ ಹತ್ತಿರ ಇದ್ದದ್ದೇ ಅರ್ಧ, ಮಾರಲು ಬರುವಂಥದ್ದೇ ಅಲ್ಲ ಎಂಬುದು ಆ ಹೊತ್ತಿನಲ್ಲಿ ಇಬ್ಬರಿಗೂ ಹೊಳೆಯಲಿಲ್ಲ. ಆ ಬೋಟಿನಲ್ಲಿ ನೀರಿನಡಿಯ ಕಲ್ಲು ತೋರಿಸುವ ಯಂತ್ರವಿತ್ತು ಎಂದು ಗೊತ್ತಾಗುವಾಗ ಎರಡು ಮನೆಯ ನಡುವೆ ಬೇಲಿ ಎದ್ದಿತ್ತು. ಅಂದಿನಿಂದ ಮಾತಿಲ್ಲ. ಇಬ್ಬರೂ ಆ ಕಲ್ಲುಗಳಿಗೆ ಹೋಗಿಲ್ಲ. ಹೋಗಲು ಬರುವುದೂ ಇಲ್ಲ. ಅಪ್ಪನ ದೋಣಿ ಇವರ ಅಂಗಳದಲ್ಲಿ ಕವುಚಿ ಬಿದ್ದಿತ್ತು.

ಈಗ ಜಿಪಿಎಸ್ ಇದೆಯಲ್ಲ ಎಂದು ನಾನು ಜಾಣತನ ತೋರಿಸಿದೆ.

"ಅದ್ ಹೋದ್ ಜಾಗಕ್ಕೆ ಮತ್ತೆ ಕರ್ಕಂಡ್ ಹೋತ್ತ್, ಟೀಚ್ರೆ. ಮರ್ತ್ ಹೋದ್ ಜಾಗಕ್ಕ್ ಹೋತ್ತಾ?" ಎಂದರು. ಮತ್ತೆ, "ನಾ ಸತ್ರೆ ಮೂಡು ಗುರ್ತ ಹೋತ್ತ್. ಅಂವ ಸತ್ರೆ ಬಡಗು. ಮಾತಾಡೂಕೆ ಬಾಯ್ ಬತ್ತಿಲ್ಲೆ. ನನ್ ಅರ್ಧ ನಾ ಇಲ್ಲಿ ಇಡ್ತೆ. ಅಂವಂಗೆ ಮನ್ಸ್ ಬಂದ್ರೆ ಅವನದ್ ಕೆಳಗ್ ಬರೀಲಿ" ಎಂದರು.

ಊರಿಗೆಲ್ಲ ಕಾಣುವ ಜಾಗದಲ್ಲಿ ಇಡುವುದೇ ಎಂದು ಕೇಳಿದೆ. ಅರ್ಧ ಗುರುತು ಕಳ್ಳನಿಗೂ ಬೇಡ ಎಂದರು. ಅದು ಹೌದಲ್ಲ! ಸಾವಿರ ಜನ ಓದಿದರೂ ಪ್ರಯೋಜನ ಒಬ್ಬನಿಗೇ. ತಮ್ಮ ಅವನದ್ದನ್ನು ಬರೆದದ್ದೇ ಪುಸ್ತಕಕ್ಕೆ ಇಳಿಸಿಕೊಂಡು, ಎರಡನ್ನೂ ನನ್ನ ಕೈಯಲ್ಲಿ ಅಳಿಸಿಬಿಡುವುದು ಅವರ ಉಪಾಯ. ಇಷ್ಟು ವರ್ಷ ಕಂಪ್ಯೂಟರ್ ಕಲಿಸಿದ ನನಗೆ ಒಂದು ಬ್ಲಾಗಿನಿಂದ ಇಂಥ ಕೆಲಸ ಆದೀತು ಎಂದು ಹೊಳೆದಿರಲಿಲ್ಲ. ಆ ದಿನ ಅವರ ಮೇಲಿನ ಸಿಟ್ಟು ಇಳಿಯಿತು. ಅನುಮಾನ ಮಾತ್ರ ಪೂರ್ತಿ ಹೋಗಲಿಲ್ಲ. ಅದೊಂದು ಅಂಟುಜಾಡ್ಯ, ಅವರಿಂದ ನನಗೂ ಹತ್ತಿತ್ತು.

ತಮ್ಮನಿಗೆ ಬ್ಲಾಗಿನ ವಿಳಾಸ ತಲುಪಿಸುವುದು ಹೇಗೆ? ಬಾಯಲ್ಲಿ ಹೇಳುವಂತಿಲ್ಲ, ಚೀಟಿ ಕೊಡುವಂತಿಲ್ಲ. ಅಂಗಳದಲ್ಲಿ ಕವುಚಿದ್ದ ಅಪ್ಪನ ದೋಣಿಯ ಮಗ್ಗುಲಿಗೆ, ಬೇಲಿಯಾಚೆಗೆ ಕಾಣುವ ಕಡೆಗೆ, ಕೆಂಪು ಪೈಂಟಿನಲ್ಲಿ ಆ ಇಂಗ್ಲಿಷ್ ಅಕ್ಷರಗಳನ್ನು ಬರೆದರು. ಮೊದಲು ಜನ ಅದು ದೋಣಿಯ ಹೊಸ ಹೆಸರು ಎಂದುಕೊಂಡರು. ಆಮೇಲೆ ಯಾರೋ ಫೋನಿನಲ್ಲಿ ಒತ್ತಿ ನೋಡಿದರು. ಅವರೂರಿನ ಇಬ್ಬರು ನಮ್ಮ ಮನೆಗೇ ಬಂದು, ಆತ ಇಂಟರ್ನೆಟ್ಟಿನಲ್ಲಿ ಕಲ್ಲು ಮಾರುತ್ತಿದ್ದಾನಂತಲ್ಲ, ಅದಕ್ಕೆ ನೀವೂ ಇದ್ದೀರಂತಲ್ಲ ಎಂದು ವಿಚಾರಿಸಿ ಹೋದರು. ಬೆದರಿಕೆಯೇನಲ್ಲ. ಚಾ ಕುಡಿದೇ ಹೋದರು. ನನಗೆ ಮಾತ್ರ ಮೈ ಉರಿಯಿತು.

ಇದೇ ಹೊತ್ತಿಗೆ ಅವರ ಮೊದಲ ಬರಹದ ಕೆಳಗೆ ಯಾರೋ ಕೂದಲೆಣ್ಣೆಯ ಜಾಹೀರಾತು ಅಂಟಿಸಿದರು. ನಾನು ಅದನ್ನು ಅಳಿಸಿ, ಇನ್ನು ಮುಂದೆ ಯಾರು ಏನು ಬರೆದರೂ ನಾವು ಒಪ್ಪಿಗೆ ಕೊಟ್ಟ ಮೇಲೆಯೇ ಕಾಣಿಸಲಿ ಎಂದು ಮಾಡಿಟ್ಟೆ. ಯಾರಾದರೂ ಬರೆದರೆ ಇ-ಮೇಲಿನಲ್ಲಿ ಸುದ್ದಿ ಬರುವುದನ್ನೂ ನಿಲ್ಲಿಸಿದೆ. ಎಣ್ಣೆಯವರ ಕಾಟ ಯಾರಿಗೆ ಬೇಕು. ಇನ್ನು ಬಾಗಿಲು ತಟ್ಟದೆ ಯಾರೂ ಒಳಗೆ ಬರುವಂತಿಲ್ಲ ಎಂದು ಹೇಳಿದಾಗ ಅವರ ಮುಖ ಅರಳಿತು. ನಾನು ಮಾಡಿದ ಕೆಲಸಗಳಲ್ಲಿ ಅವರು ಹೊಗಳಿದ್ದು ಅದೊಂದನ್ನೇ.

ಆ ಮಳೆಗಾಲ ಪೂರ್ತಿ, ಕಡಲು ಮುಚ್ಚಿದ್ದಾಗ, ಕೊಡೆ ಹಿಡಿದು ಬಂದರು. ವಾರಕ್ಕೊಂದು ಕಲ್ಲು. ಬರೆದಾದ ಮೇಲೆ ಕೆಮ್ಮುವುದು, ಚಾ ಮೂಸುವುದು. ಆಮೇಲೆ ಬೇರೆಲ್ಲೋ ನೋಡುತ್ತ ಅದೇ ಮಾತು:

"ಯಾರಾರೂ ಎಂತಾರೂ ಬರದ್ರಾ ಟೀಚ್ರೆ?"

ನಾನು ಬ್ಲಾಗು ತೆರೆದು ಎಲ್ಲರಿಗೂ ಕಾಣುವ ಪುಟವನ್ನು ನೋಡುತ್ತಿದ್ದೆ. ಪ್ರತಿ ಬರಹದ ಕೆಳಗೂ 'ಪ್ರತಿಕ್ರಿಯೆ: 0'. ಇಲ್ಲ ಎನ್ನುತ್ತಿದ್ದೆ. ಒಂದು ಸಲ ಒಳಗಿನ ಪುಟದಲ್ಲಿ, ಒಪ್ಪಿಗೆಗೆ ಕಾದಿರುವುದು ನಾಲ್ಕು ಎಂದು ಕಂಡಿತ್ತು. ಕಂಡಿತ್ತು, ಇಲ್ಲವೆನ್ನಲಾರೆ. ಎಣ್ಣೆಯವರದ್ದೇ ಎಂದುಕೊಂಡು ತೆರೆಯಲಿಲ್ಲ. ಸೊನ್ನೆ ಎಂದು ಕೇಳಿದಾಗ ಅವರು ತಲೆಯಾಡಿಸಿ, ತಮ್ಮನ ಸ್ವಭಾವ ಗೊತ್ತಲ್ಲ, ನನ್ನದನ್ನು ಓದಿ ಬರೆದುಕೊಂಡು ತನ್ನದನ್ನು ಒಳಗಿಟ್ಟುಕೊಂಡಿದ್ದಾನೆ ಎನ್ನುತ್ತಿದ್ದರು. ಒಮ್ಮೆ ಮಾತ್ರ, ಅಂವ ಓದುವುದೇ ಇಲ್ಲವೋ ಏನೋ ಎಂದರು. ಆ ದಿನ ಚಾ ಮೂಸದೆ ಕುಡಿದರು.

ನವರಾತ್ರಿ ಕಳೆದ ಮೇಲೆ ಹದಿನೇಳನೆಯ ಕಲ್ಲನ್ನೂ ಬರೆದು ಮುಗಿಸಿದರು. ಅದರ ಮುಂದಿನ ಎರಡು ಭಾನುವಾರ ಬರೆಯಲು ಏನೂ ಇರಲಿಲ್ಲ, ಆದರೂ ಬಂದರು. ಎರಡನೆಯ ಸಲ ಬಂದಾಗ ಮುಖ ಕಪ್ಪಿಟ್ಟಿತ್ತು. ಆ ವಾರದ ಸೋಮವಾರ ಬೆಳಿಗ್ಗೆ ತಮ್ಮ ತನ್ನ ಫೈಬರ್ ದೋಣಿಯನ್ನು ನೀರಿನ ಅಂಚಿಗೆ ತಂದು, ಅದಕ್ಕೆ ಕೈಕೊಟ್ಟು ನಿಂತು, ಎರಡು ಗಂಟೆ ಇವರ ಮನೆಯನ್ನೇ ನೋಡುತ್ತಿದ್ದನಂತೆ. ದೋಣಿ ತಳ್ಳಲೂ ಇಲ್ಲ, ಹೋಗಲೂ ಇಲ್ಲ. ಇವರು ಕಿಟಕಿಯ ಸಂದಿಯಿಂದ ಅಷ್ಟು ಹೊತ್ತೂ ಅವನನ್ನು ನೋಡಿದ್ದಾರೆ.

"ಎಂತ ಹೂಡ್ತಿದ್ನೋ," ಎಂದರು. "ನನ್ ಅರ್ಧ ಪೂರಾ ಸಿಕ್ತಲ್ದಾ, ಇನ್ ಎಂತ ಬೇಕ್ ಅವಂಗೆ?"

ನಾನು ಏನು ಹೇಳಬೇಕಿತ್ತು, ಏನು ಹೇಳಿದೆ! ಹೌದೌದು, ಸ್ವಲ್ಪ ಜಾಗ್ರತೆಯಲ್ಲಿರಿ, ಹೊರಗೆ ಒಬ್ಬರೇ ಹೋಗಬೇಡಿ ಎಂದೆ.

ಅದಾಗಿ ಹನ್ನೊಂದನೆಯ ದಿನ ಅವರು ಬಚ್ಚಲಿನಲ್ಲಿ ಕುಸಿದು ಬಿದ್ದರು. ಆಸ್ಪತ್ರೆಗೆ ಮುಟ್ಟುವಾಗ ಮುಗಿದಿತ್ತು.

ಹದಿಮೂರನೆಯ ದಿನದ ಊಟಕ್ಕೆ ಅವರ ಹೆಂಡತಿ ಹೇಳಿಕಳಿಸಿದ್ದರು, ಹೋದೆ. ಊಟ ಮುಗಿಸಿ ಕೈತೊಳೆದು ಬರುವಾಗ ಬೇಲಿಯ ಹತ್ತಿರ ಒಬ್ಬರು ನಿಂತಿದ್ದರು. ನೋಡಿದ ಕೂಡಲೇ ಗೊತ್ತಾಯಿತು. ಅದೇ ಗಲ್ಲ, ಅದೇ ಓರೆನೋಟ. ಕ್ರಿಯೆಗಳಿಗೆಲ್ಲ ಬಂದು ನಿಂತಿದ್ದರಂತೆ, ಊಟಕ್ಕೆ ಕೂತಿರಲಿಲ್ಲ. ನನ್ನನ್ನು ಟೀಚರ್ ಅಲ್ಲವೇ ಎಂದು ಖಾತ್ರಿ ಮಾಡಿಕೊಂಡು, ಸುತ್ತ ನೋಡಿ, ದನಿ ಇಳಿಸಿ ಕೇಳಿದರು:

"ನಾ ಬರದದ್ದ್ ಅಣ್ಣಯ್ಯ ಓದಿದ್ನಾ?"

"ನೀವ್ ಬರದಿರ್ಯಾ? ಎಲ್ಲಿ?" ಎಂದೆ. ಅವರು ದೋಣಿಯ ಮೇಲಿನ ಕೆಂಪು ಅಕ್ಷರಗಳ ಕಡೆಗೆ ಗಲ್ಲ ಎತ್ತಿದರು. ಈ ಸಲ ಗಲ್ಲ ಸರಿಯಾದ ದಿಕ್ಕಿಗೇ ಇತ್ತು.

ಬಸ್ಸಿನಲ್ಲಿ ಹೇಗೆ ಬಂದೆನೋ ಗೊತ್ತಿಲ್ಲ. ಸೀರೆ ಬದಲಿಸದೆ ಕಂಪ್ಯೂಟರಿನ ಮುಂದೆ ಕೂತು ಒಳಗಿನ ಪುಟ ತೆರೆದೆ. ಒಪ್ಪಿಗೆಗೆ ಕಾದಿರುವುದು ಇಪ್ಪತ್ತೊಂದು. ಅದರಲ್ಲಿ ಎಣ್ಣೆಯವರದ್ದು ಮೂರು. ಉಳಿದ ಹದಿನೆಂಟೂ ತಮ್ಮನದ್ದು. ಅಣ್ಣ ಭಾನುವಾರ ಒಂದು ಕಲ್ಲು ಬರೆದರೆ ತಮ್ಮ ಮಂಗಳವಾರವೋ ಬುಧವಾರವೋ ಅದರ ಬಡಗು ಗುರುತನ್ನು ಕೆಳಗೆ ಬರೆದಿದ್ದಾರೆ. ಮಳೆಗಾಲ ಪೂರ್ತಿ, ಒಂದು ವಾರವೂ ತಪ್ಪದೆ. 'ಒಪ್ಪಿಗೆಯಾದ ಮೇಲೆ ಕಾಣಿಸುತ್ತದೆ' ಎಂದು ಪ್ರತಿಸಲ ಬರುತ್ತಿದ್ದದ್ದನ್ನು ಓದಿ ಅವರಿಗೆ ಧೈರ್ಯವಾಗಿತ್ತು. ಹಾಗಾದರೆ ಅಣ್ಣನೊಬ್ಬನೇ ನೋಡುತ್ತಾನೆ, ಊರಿಗೆ ಗೊತ್ತಾಗುವುದಿಲ್ಲ ಎಂದು. ಹದಿನೆಂಟನೆಯದರಲ್ಲಿ ಕಲ್ಲಿಲ್ಲ, ಮರವಿಲ್ಲ. ಅದು ಇಷ್ಟೇ: 'ಅಣ್ಣಯ್ಯ, ಎಲ್ಲ ಕೊಟ್ಟೆ. ಸೋಮಾರ ಬೆಳಿಗ್ಗೆ ದೋಣಿ ತಳ್ತೆ. ಬಾ. ನೀ ಹಿಂದ್ ಕೂಕೋ, ನಾ ಮುಂದ್ ಕೂಕಂತೆ.'

ನಾನು ಅತ್ತೆ. ಅಳುವುದಕ್ಕೆ ನನಗೆ ಹಕ್ಕಿದೆಯೋ ಇಲ್ಲವೋ, ಅತ್ತೆ. ಕಿಟಕಿಯ ಸಂದಿಯಲ್ಲಿ ಆ ಮನುಷ್ಯ, ನೀರಿನ ಅಂಚಿನಲ್ಲಿ ಈ ಮನುಷ್ಯ, ಇಬ್ಬರ ನಡುವೆ ನಾನು ಹಾಕಿದ ಚಿಲಕ. ಆ ನಾಲ್ಕನ್ನು ತೆರೆದಿದ್ದರೆ? ಒಂದನ್ನು ತೆರೆದಿದ್ದರೂ ಸಾಕಿತ್ತು.

ಮರುದಿನ ರಜೆ ಹಾಕಿ, ಲ್ಯಾಪ್‌ಟಾಪ್ ಹಿಡಿದು ತಮ್ಮನ ಮನೆಗೆ ಹೋದೆ. ಬೇಲಿಯ ಆಚೆ ಬದಿಯ ಜಗಲಿ. ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ನಿಮ್ಮ ಅಣ್ಣ ಪ್ರತಿ ಭಾನುವಾರ ಕೇಳುತ್ತಿದ್ದರು, ನಾನು ಪ್ರತಿ ಭಾನುವಾರ ಇಲ್ಲ ಎಂದೆ, ಅವರು ನಿಮ್ಮದನ್ನು ಒಂದಕ್ಷರ ಓದಿಲ್ಲ, ತಪ್ಪು ನನ್ನದು ಎಂದೆ. ಅವರು ಕೇಳಿಸಿಕೊಂಡರು. ಆಮೇಲೆ ನೇರವಾಗಿ ನನ್ನ ಮುಖ ನೋಡಿ, ಹೀಗೆ ಮಾಡಲು ನಿಮಗೆ ಯಾರು ಹೇಳಿದ್ದು ಎಂದು ಕೇಳಿದರು. ಯಾರೂ ಹೇಳಲಿಲ್ಲ ಎಂದೆ. ನಂಬಲಿಲ್ಲ. ಮತ್ತೆ ಕೇಳಿದರು. ಮತ್ತೆ ಅದೇ ಹೇಳಿದೆ. ಹನ್ನೊಂದು ವರ್ಷ ಅಣ್ಣನನ್ನೇ ನಂಬದವರು ಯಾರೋ ಟೀಚರನ್ನು ಒಂದು ಬೆಳಿಗ್ಗೆಗೆ ನಂಬುತ್ತಾರೆಯೇ?

ಒತ್ತಿಬಿಡಲೇ, ಈಗಲಾದರೂ ಅಣ್ಣನ ಬರಹದ ಕೆಳಗೆ ನಿಮ್ಮದು ಕಾಣಲಿ ಎಂದು ನಾನು ಕೇಳಿದ್ದೇ, ಅವರು ಎದ್ದು ನಿಂತರು.

"ಒತ್ಬೇಡಿ. ಊರಿಗೆಲ್ಲ ಆತ್ತ್." ಮತ್ತೆ ಸಟ್ಟನೆ ಏನೋ ಹೊಳೆದವರ ಹಾಗೆ, "ಹಾಂಗಾರೆ ಈಗಳ್ ನನ್ನ್ ಬಿಟ್ರೆ ಎರಡೂ ಗುರ್ತ ಗೊತ್ತಿಪ್ಪುದ್ ನಿಮ್ಗೆ ಮಾತ್ರ ಅಲ್ದಾ?" ಎಂದರು.

ಹೌದು ಮಾರಾಯ್ರೇ ಹೌದು. ಅವರಪ್ಪ ಇಬ್ಬರು ಮಕ್ಕಳಿಗೆ ಸೀಳಿ ಕೊಟ್ಟ ಗುರುತು ಪೂರ್ತಿಯಾಗಿ ಇದ್ದದ್ದು, ಅವರನ್ನು ಬಿಟ್ಟರೆ, ಈಜಲೂ ಬಾರದ ಬ್ರಹ್ಮಾವರದ ಹೆಂಗಸಿನ ಹತ್ತಿರ. ನನಗೆ ಅದರಲ್ಲಿ ಒಂದು ಗೆರೆಯೂ ಅರ್ಥವಾಗಿಲ್ಲ ಎಂದು ಆಣೆ ಇಟ್ಟೆ. ಅವರು ಪಾಸ್‌ವರ್ಡ್ ಬದಲಿಸಬೇಕು, ತನ್ನ ನಂಬರು ಹಾಕಬೇಕು ಎಂದರು. ಮಾಡುವುದನ್ನು ತೋರಿಸಿಕೊಟ್ಟೆ. ಹೊಸದನ್ನು ಒತ್ತುವಾಗ ನನ್ನನ್ನು ಆಚೆ ತಿರುಗಿ ಕೂರಲು ಹೇಳಿದರು. ನನಗೆ ಸಿಟ್ಟು ಬರಲಿಲ್ಲ. ಬೇಲಿಯ ಮೇಲಿನಿಂದ ದೋಣಿಯ ಕೆಂಪು ಅಕ್ಷರಗಳನ್ನು ನೋಡುತ್ತ ಬೆನ್ನು ಹಾಕಿ ಕೂತೆ. ಹಿಂದಿನಿಂದ ಒಂದೇ ಬೆರಳಿನ ಕುಟ್ಟು ಕೇಳಿಸುತ್ತಿತ್ತು.

ಮುಗಿದ ಮೇಲೆ ಕೆಮ್ಮಿದರು. ತಿರುಗಿದೆ. ಪಟ್ಟಿಯಲ್ಲಿದ್ದ ಹದಿನೆಂಟನೆಯದರ ಮೇಲೆ ಅವರ ಬೆರಳಿತ್ತು. ಇದರಲ್ಲಿ ಗುರುತು ಇಲ್ಲವಲ್ಲ, ಇದನ್ನು ಯಾರು ಓದಿದರೂ ತೊಂದರೆ ಇಲ್ಲವಲ್ಲ ಎಂದು ಕೇಳಿದರು. ಇಲ್ಲ ಎಂದೆ. ಎಲ್ಲಿ ಒತ್ತಬೇಕು ಎಂದು ಕೇಳಿ, ತಾವೇ ಒತ್ತಿದರು. ಹೊರಗಿನ ಪುಟ ತೆರೆದು ತೋರಿಸಿದೆ. ಹದಿನೇಳನೆಯ ಕಲ್ಲಿನ ಕೆಳಗೆ 'ಪ್ರತಿಕ್ರಿಯೆ: 1' ಎಂದು ಬಂದಿತ್ತು. ಅವರು ಅದನ್ನು ತುಟಿ ಆಡಿಸುತ್ತ ಎರಡು ಸಲ ಓದಿದರು.

"ಈಗಳ್ ಕಾಣತ್ತಾ ಟೀಚ್ರೆ?"

"ಕಾಣತ್ತ್. ಎಲ್ಲರಿಗೂ ಕಾಣತ್ತ್."

"ಅಣ್ಣಯ್ಯಂಗೆ?"

ಕಾಣತ್ತ್ ಅಂದೆ. ನಾನು ಹೇಳಿದ ಯಾವುದನ್ನೂ ನಂಬದ ಮನುಷ್ಯ, ಆ ಒಂದಕ್ಕೆ ಮಾತ್ರ ಹೌದಾ ಎಂದು ತಿರುಗಿ ಕೇಳಲಿಲ್ಲ.